ದೋಹಾದಲ್ಲಿ ಅಜ್ಜಿ ಡ್ಯೂಟಿ

ವಿಮಾನ ನಿಲ್ದಾಣ

ನಾನು ಕತಾರ್ ದೇಶ ನೋಡಲು ಹೋಗಿದ್ದೆ ಎಂದು ನಮ್ಮೂರಿನ ಸ್ತ್ರೀಶಕ್ತಿ ಸಂಘದವರು ಈಗಲೂ ನಂಬಿದ್ದಾರೆ. ಹೊರಡುವ ಹಿಂದಿನ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ವಿದೇಶ ಪ್ರವಾಸದ ಅನುಭವವನ್ನು ಬಂದ ಮೇಲೆ ನಾಲ್ಕು ಜನರ ಮುಂದೆ ಹೇಳಲೇಬೇಕು ಎಂದು ಮೈಕಿನಲ್ಲಿ ಅಪ್ಪಣೆ ಮಾಡಿದ್ದರು. ಹಣ್ಣನ್ನು ವಿಮಾನದಲ್ಲಿ ಒಯ್ಯುವುದು ಕಷ್ಟ ಎಂದು ಅವರೇ ಅಲ್ಲೇ ಹಂಚಿಕೊಂಡು ತಿಂದರು. ಶಾಲು ನನಗೆ ಉಳಿಯಿತು. ಅನುಭವವನ್ನು ಈಗ ಹೇಳುತ್ತಿದ್ದೇನೆ.

ನಾನು ಹೋದದ್ದು ಡ್ಯೂಟಿಗೆ. ದೋಹಾದಲ್ಲಿರುವ ನನ್ನ ಮಗಳು ಅಶ್ವಿನಿಗೆ ಒಂದೂವರೆ ವರ್ಷದ ಮಗಳಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಅಂಥ ಮನೆಗಳಲ್ಲಿ ಈಗ ಅಲ್ಲೊಂದು ಪದ್ಧತಿ ಬಿದ್ದುಹೋಗಿದೆ. ಗಂಡನ ತಾಯಿ ವಿಸಿಟ್ ವೀಸಾದಲ್ಲಿ ಬಂದು ಮಗು ನೋಡಿಕೊಳ್ಳುತ್ತಾಳೆ. ಅವಳ ವೀಸಾ ಮುಗಿಯುವ ಹೊತ್ತಿಗೆ ಹೆಂಡತಿಯ ತಾಯಿ ಬಂದಿಳಿಯುತ್ತಾಳೆ. ಕಾರ್ಖಾನೆಯಲ್ಲಿ ಸೈರನ್ ಆದಾಗ ಪಾಳಿ ಬದಲಾಗುವುದಿಲ್ಲವೇ, ಹಾಗೆ.

ಮೂವತ್ತೆರಡು ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದವಳು ನಾನು. ಊರಿಡೀ ನನ್ನನ್ನು ಟೀಚರ್ ಎನ್ನುತ್ತದೆ. ಸರ್ಕಾರ ಮಾತ್ರ ಕೊನೆಯವರೆಗೂ ಕಾರ್ಯಕರ್ತೆ ಎಂದೇ ಕರೆಯಿತು, ಏಕೆಂದರೆ ಟೀಚರಿಗೆ ಸಂಬಳ ಕೊಡಬೇಕಾಗುತ್ತದೆ, ಕಾರ್ಯಕರ್ತೆಗೆ ಗೌರವಧನ ಸಾಕು. ಹೀಗಾಗಿ ಪರರ ಮಕ್ಕಳ ಮೂಗು ಒರೆಸುವುದರಲ್ಲಿ ನನಗಿಂತ ಅನುಭವಸ್ಥರನ್ನು ಹುಡುಕಲು ಮಗಳು ದೂರ ಹೋಗಬೇಕಾಗಿರಲಿಲ್ಲ.

ಬೀಗತಿ ಕಮಲಕ್ಕ, ಅಂದರೆ ಅಳಿಯ ಹರೀಶನ ತಾಯಿ, ಹೊರಡುವ ವಿಮಾನಕ್ಕೂ ನಾನು ಬಂದ ವಿಮಾನಕ್ಕೂ ನಡುವೆ ಮೂರೇ ಗಂಟೆ. ಟ್ಯಾಕ್ಸಿ ಒಂದೇ ಸಲ ಆಗುತ್ತದೆ ಎಂಬ ಅಳಿಯನ ಜಾಣತನ ಅದು. ಹಾಗಾಗಿ ನಿರ್ಗಮನದ ಬಾಗಿಲ ಬಳಿ ನಾವಿಬ್ಬರು ಅಜ್ಜಿಯರು ಹತ್ತು ನಿಮಿಷ ಮುಖಾಮುಖಿಯಾದೆವು. ಅವರು ಮಗುವನ್ನು ನನ್ನ ಕೈಗಿಟ್ಟರು, ಅದರ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನೂ ಇಟ್ಟರು. ಹಾಳೆಯ ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ಬೆಳಿಗ್ಗೆ ರಾಗಿ ಮಣ್ಣಿ, ಹಾಡದಿದ್ದರೆ ತಿನ್ನುವುದಿಲ್ಲ. ಲಿಫ್ಟಿನ ಬಟನ್ ಅವಳೇ ಒತ್ತಬೇಕು. ವಾಷಿಂಗ್ ಮೆಷಿನ್ ತಿರುಗಿದರೆ ಹೆದರುತ್ತಾಳೆ. ಮಧ್ಯಾಹ್ನ ಸೆರಗು ಹಿಡಿಯದೆ ಮಲಗುವುದಿಲ್ಲ.

ಅಂಗನವಾಡಿಯಲ್ಲಿ ವರ್ಗವಾದಾಗ ನಾವು ಹೀಗೆಯೇ ಚಾರ್ಜ್ ಕೊಡುತ್ತಿದ್ದೆವು. ತಟ್ಟೆ ಇಷ್ಟು, ಲೋಟ ಇಷ್ಟು, ತೂಕದ ಯಂತ್ರ ಒಂದು, ಷರಾ: ಕೆಟ್ಟಿದೆ.

"ಇನ್ನು ನನ್ನನ್ನು ಕರೀಬೇಡಿ ವಾರಿಜಾ," ಎಂದರು ಕಮಲಕ್ಕ. "ಮೊಣಕಾಲು ಖಲಾಸ್. ಆಪರೇಷನ್ ಆಗ್ಬೇಕು ಅಂತ ಡಾಕ್ಟರು ಹೇಳಿಯಾಗಿದೆ. ನೀವೇ ಕೊನೆ."

ಮನೆಯಲ್ಲಿ ನಮ್ಮದೆಲ್ಲ ತುಳು, ಬರೆಯುವಾಗ ಕನ್ನಡಕ್ಕೆ ತಂದಿದ್ದೇನೆ. ಖಲಾಸ್ ಎಂಬ ಅರಬ್ಬಿ ಮಾತು ಮಾತ್ರ ಅವರು ಅಲ್ಲೇ ಗಳಿಸಿದ ಆಸ್ತಿ. ಅಷ್ಟು ಹೇಳಿ ಅವರು ತಿರುಗಿ ನೋಡದೆ ಒಳಗೆ ನಡೆದರು. ಮಗು ಹೊಸ ಸೆರಗನ್ನು ಮೂಸಿ ನೋಡಿ, ಇದು ಆ ಅಜ್ಜಿ ಅಲ್ಲ ಎಂದು ಇಡೀ ವಿಮಾನ ನಿಲ್ದಾಣಕ್ಕೆ ಸಾರಿ ಹೇಳಿತು.

ಅಲ್ ಮನ್ಸೂರಾ

ಮಗುವಿನ ಹೆಸರು ತ್ರಿಷಿಕಾ. ಅರ್ಥ ಕೇಳಿದರೆ ಇಂಟರ್‌ನೆಟ್ಟಿನಲ್ಲಿ ಉಂಟು ಎಂದರು. ನಾನು ಚಿಕ್ಕಿ ಎಂದು ಕರೆದೆ, ಅವಳೂ ಅದಕ್ಕೇ ತಿರುಗಿ ನೋಡಿದಳು.

ಮಗಳ ಫ್ಲಾಟು ಇರುವ ಅಲ್ ಮನ್ಸೂರಾದಲ್ಲಿ ಪರದೇಶಕ್ಕೆ ಬಂದಿದ್ದೇನೆ ಎಂದು ಅನ್ನಿಸಲು ಪ್ರಯತ್ನ ಪಡಬೇಕು. ಕೆಳಗೆ ಇಳಿದರೆ ಸಾಂಬಾರಿನ ವಾಸನೆ, ಎದುರಿಗೆ ಊರಿಗೆ ಹಣ ಕಳಿಸುವ ಅಂಗಡಿ, ಪಕ್ಕದಲ್ಲಿ ಕುಚ್ಚಲಕ್ಕಿ, ಅದರ ಪಕ್ಕದಲ್ಲಿ ಮತ್ತೊಂದು ಹಣ ಕಳಿಸುವ ಅಂಗಡಿ. ನಮ್ಮ ಪೇಟೆಯ ಹಂಪನಕಟ್ಟೆಗೆ ಅರಬ್ಬಿ ಬೋರ್ಡು ಹಾಕಿ, ಮಳೆಯನ್ನು ಕಿತ್ತುಕೊಂಡರೆ ಹೀಗೇ ಇದ್ದೀತು.

ಬೆಳಿಗ್ಗೆ ಆಫೀಸಿನ ವ್ಯಾನುಗಳೆಲ್ಲ ಹೊರಟ ಮೇಲೆ ಕಟ್ಟಡದ ಕೆಳಗಿನ ತಂಪು ಹಜಾರದಲ್ಲಿ ಅಜ್ಜಿಯರ ಸಭೆ ಸೇರುತ್ತದೆ. ತಲಾ ಒಂದು ಮಗು, ಒಂದು ಬಿಸ್ಕತ್ತಿನ ಡಬ್ಬಿ. ನನಗೆ ಕೇಳಿದ ಮೊದಲ ಪ್ರಶ್ನೆ ಹೆಸರೂ ಅಲ್ಲ, ಊರೂ ಅಲ್ಲ.

"ನಿಮ್ಮದು ಎಷ್ಟು ದಿನ ಉಂಟು?"

ನನ್ನ ಆಯುಷ್ಯದ ಬಗ್ಗೆ ಯಾಕಪ್ಪ ಕೇಳುತ್ತಾರೆ ಎಂದು ಗಾಬರಿಯಾಯಿತು. ಕೇಳಿದ್ದು ವೀಸಾದ ಬಗ್ಗೆ. ಎಲ್ಲರಿಗೂ ಎಲ್ಲರ ಕೊನೆಯ ದಿನ ಬಾಯಿಪಾಠ. ಯಾರ ದಿನ ಹತ್ತಿರ ಬಂತೋ ಅವರ ಬಗ್ಗೆ ಮಾತಾಡುವಾಗ ದನಿ ಸ್ವಲ್ಪ ತಗ್ಗುತ್ತದೆ.

ಸಭೆಯಲ್ಲಿ ಅವಧಿ ಇಲ್ಲದವರು ಒಬ್ಬರೇ, ಮೈಮೂನಕ್ಕ. ಉಳ್ಳಾಲದ ಕಡೆಯವರು, ಮದುವೆಯಾಗಿ ಬಂದವರು ಅಲ್ಲೇ ಅಜ್ಜಿಯಾಗಿದ್ದಾರೆ. ಗಂಡನದು ಅದೇ ಬೀದಿಯಲ್ಲಿ ದಿನಸಿ ಅಂಗಡಿ. ನನ್ನೊಂದಿಗೆ ತುಳು, ಸೊಸೆಯೊಂದಿಗೆ ಬ್ಯಾರಿ, ಕಾವಲುಗಾರನೊಂದಿಗೆ ಹಿಂದಿ, ಮೊಮ್ಮಕ್ಕಳೊಂದಿಗೆ ಮಾತ್ರ ಅವರ ಯಾವ ಭಾಷೆಯೂ ನಡೆಯುತ್ತಿರಲಿಲ್ಲ. ಅವು ಇಂಗ್ಲಿಷಿನಲ್ಲಿ ಬೇಡುತ್ತಿದ್ದವು, ಇವರು ಬ್ಯಾರಿಯಲ್ಲಿ ಬಯ್ಯುತ್ತಿದ್ದರು.

"ನೀವು ಹೋದ ಮೇಲೆ ಮಗುವಿಗೆ ಎಂತ ಮಾಡ್ತಾರೆ ಟೀಚರೇ?" ಎಂದು ಮೈಮೂನಕ್ಕ ಮೊದಲ ವಾರವೇ ಕೇಳಿದರು.

ಅದೇ ಪ್ರಶ್ನೆ ನಮ್ಮ ಮನೆಯ ಊಟದ ಮೇಜಿನ ಮೇಲೂ ದಿನಾ ಬಡಿಸಲ್ಪಡುತ್ತಿತ್ತು. ದಾರಿಗಳು ಮೂರು. ಮಗುವನ್ನು ನರ್ಸರಿಗೆ ಹಾಕುವುದು. ಅಶ್ವಿನಿ ಕೆಲಸ ಬಿಡುವುದು. ಅಥವಾ ನಾನು ಹೋಗುವಾಗ ಚಿಕ್ಕಿಯನ್ನು ಊರಿಗೆ ಕರೆದುಕೊಂಡು ಹೋಗಿ, ಅವಳಿಗೆ ಶಾಲೆಗೆ ಹೋಗುವ ವಯಸ್ಸಾಗುವವರೆಗೆ ಸಾಕುವುದು. ಸಮ್ಮೇಳನಗಳನ್ನು ಏರ್ಪಡಿಸುವ ಕಂಪೆನಿಯೊಂದರಲ್ಲಿ ಆರು ವರ್ಷ ಒದ್ದಾಡಿ ಮೇಲೆ ಬಂದ ಮಗಳು ಎರಡನೆಯದರ ಹೆಸರು ಬಂದಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದಳು. ನಾನು ಮೂರನೆಯದಕ್ಕೆ ಒಳಗೊಳಗೇ ಓಟು ಹಾಕಿಯಾಗಿತ್ತು. ಮಗು ತೊಡೆಯ ಮೇಲೆ ಮಲಗುವುದು ರೂಢಿಯಾದರೆ ಅಜ್ಜಿಯರ ಬುದ್ಧಿ ಹಾಗೇ ಓಡುತ್ತದೆ.

ಅಬು ಹಮೂರ್

ಮೊದಲ ದಾರಿ ನೋಡಲು ಒಂದು ಬೆಳಿಗ್ಗೆ ಅಬು ಹಮೂರಿಗೆ ಹೋದೆವು. ಕಾಂಪೌಂಡು ಗೋಡೆಗಳ ಹಿಂದೆ ಬಿಳಿ ಬಂಗಲೆಗಳು ಸಾಲಾಗಿ ನಿಂತಿದ್ದವು, ಅದರಲ್ಲೊಂದು ನರ್ಸರಿ. ಒಳಗೆ ಕಾಲಿಟ್ಟರೆ ನಮ್ಮ ತಾಲೂಕಿನ ಅಷ್ಟೂ ಅಂಗನವಾಡಿಗಳಿಗೆ ಸಾಕಾಗುವಷ್ಟು ಆಟಿಕೆ. ಮಕ್ಕಳು ಮಲಗಲು ಒಂದು ಕೋಣೆ, ಬಣ್ಣ ಬಳಿಯಲು ಒಂದು, ಮರಳಿನಲ್ಲಿ ಆಡಲು ಒಂದು. ಮರಳುಗಾಡಿನ ನಡುವೆ ಎಸಿ ಹಾಕಿ ಒಳಗೆ ಮರಳು ತುಂಬಿಸಿದ್ದನ್ನು ನೋಡಿ ನಾನು ಒಂದು ಹಿಡಿ ಎತ್ತಿ, ಅದು ಮರಳೇ ಹೌದೆಂದು ಖಾತ್ರಿ ಮಾಡಿಕೊಂಡೆ.

ಆಮೇಲೆ ಸುಮ್ಮನಿರಲು ಆಗಲಿಲ್ಲ. ಮೂವತ್ತೆರಡು ವರ್ಷದ ರೂಢಿ ಕಾಲಿಗೆ ಅಂಟಿರುತ್ತದೆ. ನಾನು ನೇರ ಅಡಿಗೆಕೋಣೆಗೆ ಹೋದೆ. ಕುಡಿಯುವ ನೀರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಗೋಡೆಯ ಮೇಲಿನ ಹೆಸರುಗಳನ್ನು ಎಣಿಸಿದೆ, ಕೋಣೆಯಲ್ಲಿದ್ದ ಮಕ್ಕಳ ತಲೆಗಳನ್ನೂ ಎಣಿಸಿದೆ. ಲೆಕ್ಕ ತಾಳೆಯಾಗಲಿಲ್ಲ.

"ಹಾಜರಿ ಪುಸ್ತಕ ತೋರಿಸಿ," ಎಂದೆ.

ಕೌಂಟರಿನಲ್ಲಿದ್ದ ಮಲಯಾಳಿ ಹುಡುಗಿ ನನ್ನ ಬಿಳಿ ಕೂದಲು, ಇಸ್ತ್ರಿ ಸೀರೆ, ಕನ್ನಡಕವನ್ನು ನೋಡಿ ಓಡಿಹೋಗಿ ಮ್ಯಾನೇಜರ್ ಮೇಡಮ್ಮನ್ನು ಕರೆತಂದಳು. ಆ ಹೊತ್ತಿಗೆ ನಾನು ಪರ್ಸಿನಿಂದ ತೋಳಿನ ಪಟ್ಟಿಯನ್ನು ತೆಗೆದು ಒಬ್ಬ ಸಣಕಲು ಹುಡುಗಿಯ ತೋಳಿಗೆ ಸುತ್ತಿಯಾಗಿತ್ತು. ಈ ಪಟ್ಟಿ ನಮ್ಮ ವೃತ್ತಿಯ ತಾಳಿ. ಮಗುವಿನ ತೋಳಿಗೆ ಸುತ್ತಿದರೆ ಹಸಿರು ಬಣ್ಣ ಬಂದರೆ ಸರಿ, ಹಳದಿ ಬಂದರೆ ಮೊಟ್ಟೆ ಹೆಚ್ಚು ಕೊಡಬೇಕು, ಕೆಂಪು ಬಂದರೆ ಆಸ್ಪತ್ರೆ. ನಿವೃತ್ತಳಾಗುವಾಗ ಎಲ್ಲವನ್ನೂ ಹಿಂದಿರುಗಿಸಿದೆ, ಇದೊಂದು ಪರ್ಸಿನಲ್ಲೇ ಉಳಿದುಬಿಟ್ಟಿತ್ತು.

ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವಳು ಎಂದು ಮೇಡಮ್ ತಿಳಿದರು. ತಣ್ಣಗಿನ ಜ್ಯೂಸ್ ಬಂತು, ಕುರ್ಚಿ ಬಂತು. ಇಪ್ಪತ್ತು ನಿಮಿಷ ನನ್ನನ್ನು ಅವರು ಸುತ್ತಿಸಿದ ರೀತಿ ನೋಡಿದರೆ ನಮ್ಮ ಜಿಲ್ಲೆಯ ಮೇಲಧಿಕಾರಿಗಳು ಯಾಕೆ ಅಷ್ಟು ಸಲ ಪ್ರವಾಸ ಹೊರಡುತ್ತಿದ್ದರು ಎಂದು ಅರ್ಥವಾಯಿತು. ಹಸಿರು, ಎಲ್ಲ ಹಸಿರು ಎಂದು ನಾನು ಸರ್ಟಿಫಿಕೇಟು ಕೊಡುತ್ತಿದ್ದಾಗ ಹರೀಶ ಓಡಿಬಂದು, ಇವರು ನಮ್ಮ ಮಾಮಿ, ಹೆಂಡತಿಯ ತಾಯಿ, ಮಗುವನ್ನು ಸೇರಿಸಲು ಬಂದವರು ಎಂದ. ಅರ್ಧ ಕುಡಿದ ಜ್ಯೂಸನ್ನು ಅವರು ವಾಪಸ್ ಕೇಳಲಿಲ್ಲ, ಅಷ್ಟೇ.

ನಂತರ ಫೀಸಿನ ಕಾಗದ ಕೊಟ್ಟರು. ಹರೀಶ ಓದಿದ, ಅಶ್ವಿನಿಗೆ ಕೊಟ್ಟ. ಅವಳು ಓದಿ ನಾಲ್ಕಾಗಿ ಮಡಚಿ ಬ್ಯಾಗಿನ ಒಳಪದರಕ್ಕೆ ಹಾಕಿದಳು. ಅವಳ ಸಂಬಳದಲ್ಲಿ ಅದನ್ನು ಕಳೆದರೆ ಆಫೀಸಿಗೆ ಹೋಗಿ ಬರುವ ಖರ್ಚು ಮಾತ್ರ ಉಳಿಯುತ್ತಿತ್ತಂತೆ. ಅಂದರೆ ಕೆಲಸಕ್ಕೆ ಹೋಗಲು ಬೇಕಾದಷ್ಟು ದುಡಿಯಲು ಅವಳು ಕೆಲಸಕ್ಕೆ ಹೋಗಬೇಕು. ದಾರಿಯುದ್ದಕ್ಕೂ ಚಿಕ್ಕಿಯೊಬ್ಬಳೇ ಮಾತಾಡಿದಳು.

ಅಲ್ ರಯ್ಯಾನ್

ಶುಕ್ರವಾರ ರಜೆ. ಅಲ್ ರಯ್ಯಾನಿನ ಪಾರ್ಕಿಗೆ ಹೋಗೋಣ, ಮಾಮಿ ಬಂದು ಇಷ್ಟು ದಿನವಾದರೂ ಏನೂ ನೋಡಿಲ್ಲ ಎಂದ ಹರೀಶ. ಹುಲ್ಲನ್ನು ಅಲ್ಲಿ ನಾವು ತುಳಸಿಗೆ ನೀರೆರೆಯುವ ಭಕ್ತಿಯಿಂದ ಬೆಳೆಸುತ್ತಾರೆ. ನಮ್ಮಲ್ಲಿ ಅದೇ ಹುಲ್ಲನ್ನು ಪಂಚಾಯತಿನವರು ಬಿಲ್ಲು ಹಾಕಿ ಕೀಳಿಸುತ್ತಾರೆ.

ಹುಲ್ಲಿನ ತುಂಬ ಮಕ್ಕಳು, ಮಕ್ಕಳ ಹಿಂದೆ ಮನೆಗೆಲಸದ ಹೆಂಗಸರು. ನನ್ನ ಬೆಂಚಿನಲ್ಲಿ ಕೂತವಳು ಶ್ರೀಲಂಕಾದವಳು. ಹಿಂದಿಗೆ ಅರಬ್ಬಿ ಕಲಸಿ ಮಾತಾಡುತ್ತಿದ್ದಳು. ಒಂದು ಕೈ ತಳ್ಳುಗಾಡಿಯ ಮೇಲೆ, ಇನ್ನೊಂದರಲ್ಲಿ ಫೋನು. ಫೋನಿನೊಳಗೆ ಒಂದು ಪುಟ್ಟ ಹುಡುಗಿ ಅನ್ನ ತಿನ್ನಲು ಹಟ ಮಾಡುತ್ತಿತ್ತು. ಇವಳು ಇಲ್ಲಿಂದ ಬಾಯಿ ತೆರೆದು ತೋರಿಸುತ್ತಿದ್ದಳು, ಆ ಮಗು ಅಲ್ಲಿ ಬಾಯಿ ತೆರೆಯುತ್ತಿತ್ತು.

"ಅಲ್ಲಿ ಯಾರು ನೋಡ್ಕೊಳ್ತಾರೆ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ನನ್ನ ಅಮ್ಮ," ಎಂದಳು.

ಅಗೋ, ಅಲ್ಲೂ ಒಬ್ಬಳು ಅಜ್ಜಿ. ಹಣ ಇದ್ದವರು ಇವಳನ್ನು ಇಟ್ಟುಕೊಳ್ಳುತ್ತಾರೆ, ಇವಳು ತನ್ನ ತಾಯಿಯನ್ನು ಇಟ್ಟುಕೊಳ್ಳುತ್ತಾಳೆ. ಎಲ್ಲಿ ಅಗೆದರೂ ಕೊನೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬಳು ಅಜ್ಜಿಯೇ ಸಿಗುತ್ತಾಳೆ. ನಮ್ಮ ಫ್ಲಾಟಿನಲ್ಲಿ ಇಂಥವಳೊಬ್ಬಳನ್ನು ಇಡಬಹುದಲ್ಲ ಎಂದು ಹರೀಶನಿಗೆ ಹೇಳಿದೆ. ಅವಳಿಗೆ ಮಲಗಲು ಸಿಂಕಿನ ಕೆಳಗೆ ಮಾತ್ರ ಜಾಗ ಉಂಟು ಮಾಮಿ ಎಂದು ನಕ್ಕ. ಆ ರಾತ್ರಿಯೇ ಇಬ್ಬರೂ ಕೂತು ಮೂರನೆಯ ದಾರಿಗೆ ಒಪ್ಪಿದರು. ಚಿಕ್ಕಿಗೂ ನನ್ನ ಜೊತೆ ಟಿಕೆಟ್ ತೆಗೆದರು. ನನಗಾದ ಸಂತೋಷವನ್ನು ಮುಚ್ಚಿಡಲು ನಾನು ಎರಡು ಸಲ ಸೀನಿದೆ.

ಹೋಟೆಲು

ವೀಸಾ ಮುಗಿಯಲು ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಅಶ್ವಿನಿಯ ಫೋನು.

"ಅಮ್ಮ, ಚಿಕ್ಕಿಯನ್ನು ಎತ್ಕೊಂಡು ಈಗಲೇ ಹೋಟೆಲಿಗೆ ಬಾ. ಕಾರು ಕಳಿಸಿದ್ದೇನೆ. ನನ್ನ ಮಾನ ನಿನ್ನ ಕೈಯಲ್ಲುಂಟು."

ಹರೀಶ ರಿಸೆಪ್ಷನಿನಲ್ಲಿ ಕೆಲಸ ಮಾಡುವ ಹೋಟೆಲು ಅದು. ಅಲ್ಲಿ ಅಶ್ವಿನಿಯ ಕಂಪೆನಿ ಏರ್ಪಡಿಸಿದ ಸಮ್ಮೇಳನ: ಶಿಶುಪಾಲನೆಯ ವೆಚ್ಚ ಮತ್ತು ಬಡತನ ನಿವಾರಣೆ. ಬಡತನದ ಬಗ್ಗೆ ಮಾತಾಡಲು ಜನ ಎಲ್ಲೆಲ್ಲಿಂದಲೋ ಆ ಊರಿಗೆ ಬರುತ್ತಾರೆ, ಅಲ್ಲಿ ಬಫೆ ಚೆನ್ನಾಗಿರುತ್ತದೆ. ಅಂದಿನ ಮುಖ್ಯ ಭಾಷಣ ಭೂಪಟದ ನೆತ್ತಿಯಲ್ಲಿರುವ, ವರ್ಷಕ್ಕೆ ಎಂಟು ತಿಂಗಳು ಹಿಮ ಮುಚ್ಚುವ ಒಂದು ಪ್ರಾಂತದ ಶಾಸಕಿಯದು. ಹೆಸರು ಬೇಡ. ಆಕೆ ತನ್ನ ಎರಡು ವರ್ಷದ ಮಗಳನ್ನೂ ಕರೆತಂದಿದ್ದರು. ಮಗುವನ್ನು ನೋಡಿಕೊಳ್ಳಲು ಗೊತ್ತು ಮಾಡಿದ್ದ ಹೆಂಗಸು ಆ ದಿನ ಬರಲಿಲ್ಲ. ಶಿಶುಪಾಲನೆಯ ಬಿಕ್ಕಟ್ಟಿನ ಮೇಲಿನ ಭಾಷಣವು ಶಿಶುಪಾಲನೆಯ ಬಿಕ್ಕಟ್ಟಿನಿಂದ ನಿಂತುಹೋಗುವುದರಲ್ಲಿತ್ತು.

ನಾನು ಸಭಾಂಗಣದ ಹಿಂದೆ, ಪರದೆಯ ಮರೆಯಲ್ಲಿ, ಎರಡು ಮಕ್ಕಳೊಂದಿಗೆ ರತ್ನಗಂಬಳಿಯ ಮೇಲೆ ಕುಳಿತೆ. ಹಿಮದ ನಾಡಿನ ಮಗುವಿಗೆ ನನ್ನ ಭಾಷೆ ಬಾರದು, ನನಗೆ ಅದರದು ಬಾರದು. ಕೈ ತಟ್ಟಿ ಕುಣಿಸುವುದಕ್ಕೆ ಭಾಷೆ ಯಾಕೆ? ಐದು ನಿಮಿಷದಲ್ಲಿ ನನ್ನ ಅಂಗನವಾಡಿ ಶುರುವಾಯಿತು. ಮಗು ಡೈಪರಿನಲ್ಲಿ ಬೆಂದು ಕೆಂಪಾಗಿದ್ದನ್ನು ನೋಡಿ ಅದನ್ನು ಬಿಚ್ಚಿ ಗಾಳಿಗೆ ಬಿಟ್ಟೆ. ನಮ್ಮಲ್ಲಾದರೆ ಹನ್ನೊಂದು ಗಂಟೆಗೆ ಎಲ್ಲರನ್ನೂ ಅಂಗಳಕ್ಕೆ ಕರೆದೊಯ್ದು ಕುಳ್ಳಿರಿಸುತ್ತಿದ್ದೆವು. ಇಲ್ಲಿ ಅಂಗಳ ಇಲ್ಲವಲ್ಲ ಎಂಬುದು ಮರೆತೇಹೋಯಿತು.

ಅಶ್ವಿನಿ ನಡುನಡುವೆ ಬಂದು ಭಾಷಣದ ಸಾರ ಪಿಸುಗುಟ್ಟುತ್ತಿದ್ದಳು. ಅವರ ಪ್ರಾಂತದಲ್ಲಿ ಮಗುವನ್ನು ಬಿಡುವ ಜಾಗದ ಫೀಸು ಕೊಡಲಾಗದೆ ತಾಯಂದಿರು ಕೆಲಸ ಬಿಡುತ್ತಾರಂತೆ, ಕೆಲಸ ಬಿಟ್ಟು ಬಡವರಾಗುತ್ತಾರಂತೆ. ಅದಕ್ಕಾಗಿ ಶಾಸನಸಭೆ ಒಂದು ಸಮಿತಿ ಮಾಡಿತು. ಸಮಿತಿ ವರದಿ ಕೊಟ್ಟಿತು. ವರದಿಯನ್ನು ಮಂತ್ರಿಗಳು ಸ್ವಾಗತಿಸಿದರು. ವರದಿಯನ್ನು ಓದಲು ಈಗ ಇನ್ನೊಂದು ಸಮಿತಿ ಆಗಿದೆ. ಅಷ್ಟು ದೂರದ ಹಿಮದಲ್ಲೂ ನಮ್ಮ ವಿಧಾನಸೌಧದ ಗಾಳಿ ಬೀಸುವುದನ್ನು ಕೇಳಿ ಹೆಮ್ಮೆಯೆನಿಸಿತು. ಗೌರವಧನ ಹೆಚ್ಚಿಸಿ ಎಂದು ನಾವು ಬೆಂಗಳೂರಿನ ಫುಟ್‌ಪಾತಿನಲ್ಲಿ ಮಲಗಿದ್ದಾಗಲೂ ನಮ್ಮ ಮನವಿಯನ್ನು ಸ್ವಾಗತಿಸಲಾಗಿತ್ತು.

ಶಾಸಕಿ ತಮ್ಮ ಸದನಕ್ಕೆ ಮಗುವನ್ನು ಎತ್ತಿಕೊಂಡೇ ಹೋಗುತ್ತಾರಂತೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರಂತೆ. ನಮ್ಮ ಮೀಟಿಂಗಿಗೆ ಒಬ್ಬ ಕಾರ್ಯಕರ್ತೆ ಕೂಸನ್ನು ತಂದದ್ದಕ್ಕೆ ಮೆಮೊ ಕೊಟ್ಟಿದ್ದರು. ಆದರೆ ನಿಜ ಹೇಳಬೇಕು, ಹೆಂಗಸು ಚೆನ್ನಾಗಿ ಮಾತಾಡಿದರು. ಒಂದು ಕಡೆ ಅಶ್ವಿನಿ ಅನುವಾದ ಮಾಡುತ್ತ ತಡವರಿಸಿದಳು.

"ಪುಕ್ಕಟೆ ನೋಡಿಕೊಂಡ ಮಗುವಿಗೂ ಯಾರೋ ಒಬ್ರು ಬೆಲೆ ಕೊಡ್ತಾ ಇರ್ತಾರೆ, ಅಂತ ಹೇಳ್ತಿದ್ದಾರೆ," ಎಂದವಳು ಮತ್ತೆ ಅನುವಾದಿಸಲು ಬರಲಿಲ್ಲ.

ಕೊನೆಗೆ ಸಭಿಕರೊಬ್ಬರು, ಪುಟ್ಟ ಮಗುವನ್ನಿಟ್ಟುಕೊಂಡು ಇದೆಲ್ಲ ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರು. ಶಾಸಕಿ ಪರದೆಯ ಕಡೆ ಕೈ ತೋರಿದರು. ಯಾರೋ ಪರದೆ ಸರಿಸಿದರು. ಮುನ್ನೂರು ಜನ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದ ಆ ಹೊತ್ತಿಗೆ ಸರಿಯಾಗಿ ಹಿಮದ ನಾಡಿನ ಮಗು ರತ್ನಗಂಬಳಿಯ ಮೇಲೆ ಉಚ್ಚೆ ಹೊಯ್ಯಿತು. ಎದ್ದು ಕೈ ಮುಗಿಯುವ ಬದಲು ನಾನು ಒದ್ದೆಯ ಮೇಲೆ ಸೆರಗು ಹರಡಿ ಕುಳಿತೇ ಇದ್ದೆ. ಭಾರತೀಯ ವಿನಯ ಎಂದುಕೊಂಡಿರಬೇಕು.

ಮಗುವನ್ನು ಒಯ್ಯಲು ಬಂದ ಶಾಸಕಿ ಅದರ ತೋಳಿಗೆ ನಾನು ಸುತ್ತಿದ್ದ ಪಟ್ಟಿ ನೋಡಿ ಇದೇನು ಎಂದರು. ಅಶ್ವಿನಿ ವಿವರಿಸಿದಳು. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ತಮ್ಮ ತೋಳಿಗೂ ಸುತ್ತಿಸಿಕೊಂಡರು. ಪಟ್ಟಿ ಸಾಲಲಿಲ್ಲ. ನಮ್ಮ ಫೋಟೋ ತೆಗೆಸಿದರು. ಸಮಿತಿಗೆ ತೋರಿಸುತ್ತೇನೆ ಎಂದು ಪಟ್ಟಿಯನ್ನು ಕೇಳಿ ಪಡೆದರು, ಬದಲಿಗೆ 'ಮಕ್ಕಳೇ ಮೊದಲು' ಎಂದು ಬರೆದ ಒಂದು ಬಟ್ಟೆಯ ಚೀಲ ಕೊಟ್ಟರು. ಚೀಲದಲ್ಲಿ ಒಂದು ಬಿಳಿ ಕರಡಿಯ ಬೊಂಬೆ ಇತ್ತು.

ಕೊನೆಯ ಶುಕ್ರವಾರ

ಹೊರಡಲು ಮೂರು ದಿನ. ನನ್ನ ಸೂಟ್‌ಕೇಸಿನ ಅರ್ಧದಲ್ಲಿ ಚಿಕ್ಕಿಯ ಫ್ರಾಕುಗಳು. ಅಶ್ವಿನಿ ಒಂದೊಂದನ್ನೂ ಇಸ್ತ್ರಿ ಮಾಡಿ ಮಡಚುತ್ತಿದ್ದಳು, ಊರಿನಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇಲ್ಲವೇನೋ ಎಂಬಂತೆ. ಹರೀಶ ಸೋಫಾದಲ್ಲಿ ಟಿವಿ ರಿಮೋಟು ಹಿಡಿದು ಕುಳಿತಿದ್ದ, ಟಿವಿ ಹಾಕಿರಲಿಲ್ಲ. ಬೀಳ್ಕೊಡಲು ಮೈಮೂನಕ್ಕ ಬಂದಿದ್ದರು.

ಮನೆಯ ಗಾಳಿ ಹಗುರ ಮಾಡೋಣ ಎಂದು ನಾನು ನನ್ನ ಹಳೆಯ ಕಥೆ ತೆಗೆದೆ. ನನ್ನ ಅಂಗನವಾಡಿ ಇದ್ದದ್ದು ಬಸ್ಸು ಹೋಗದ ಊರಿನಲ್ಲಿ. ಅಲ್ಲಿ ನಲವತ್ತು ಮಕ್ಕಳ ನಡುವೆ ನನ್ನದನ್ನು ನೋಡಿಕೊಳ್ಳುವವರಿರಲಿಲ್ಲ. ಎರಡು ವರ್ಷದ ಅಶ್ವಿನಿಯನ್ನು ಕಾರ್ಕಳದ ತಾಯಿಮನೆಯಲ್ಲಿ ಬಿಟ್ಟೆ. ಎಂಥ ಗಟ್ಟಿಗಿತ್ತಿ ಅವಳು, ಒಂದು ತೊಟ್ಟು ಕಣ್ಣೀರು ಹಾಕದೆ ಕೈ ಬೀಸಿದಳು. ಅವಳಿಗೆ ಐದು ವರ್ಷವಾದ ಮೇಲೆ ಕರೆತರಲು ಹೋದರೆ ಊರವರಂತೆ ನನ್ನನ್ನು ಟೀಚರ್ ಎಂದು ಕರೆಯಬೇಕೇ! ಈ ಕಥೆಗೆ ಮದುವೆಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಜನ ನಕ್ಕದ್ದೇ ನಕ್ಕದ್ದು.

ಮೈಮೂನಕ್ಕ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆ ನಿಂತಿತು.

"ಅಮ್ಮ, ಆ ಕಥೆ ಇನ್ನು ಹೇಳ್ಬೇಡ," ಎಂದಳು ಅಶ್ವಿನಿ. "ನಾನು ಅಳ್ಲಿಲ್ಲ ಅಂತ ನಿನಗೆ ಯಾರು ಹೇಳಿದ್ದು? ನಿನ್ನ ಬಸ್ಸು ಹೋದ ಮೇಲೆ ಮೂರು ದಿನ ಬೇಲಿಯ ದಣಪೆ ಹಿಡ್ಕೊಂಡು ನಿಂತಿದ್ದೆನಂತೆ. ಅಜ್ಜಿಯೇ ನನಗೆ ಹೇಳಿದ್ದು. ನಿನಗೆ ಹೇಳಿದ್ರೆ ನೀನು ಕೆಲಸ ಬಿಟ್ಟು ಬರ್ತೀ ಅಂತ ನಿನಗೆ ಹೇಳ್ಲಿಲ್ಲ."

ಅವಳು ಇಸ್ತ್ರಿಯ ಸ್ವಿಚ್ಚು ಆರಿಸಿದಳು.

"ಟೀಚರ್ ಅಂತ ಕರೆದದ್ದು ನನಗೇ ನೆನಪುಂಟು. ತಮಾಷೆಗೆ ಕರೆದದ್ದಲ್ಲ. ನೀನು ಯಾರು ಅಂತ ನನಗೆ ಗೊತ್ತಿರ್ಲಿಲ್ಲ, ಅಷ್ಟೇ."

ಮೂವತ್ತು ವರ್ಷ ಆ ಕಥೆ ಹೇಳಿಕೊಂಡು ತಿರುಗಿದ್ದೇನೆ. ಮಡಚಿಟ್ಟಿದ್ದ ಫ್ರಾಕೊಂದನ್ನು ಬಿಚ್ಚಿ ಮತ್ತೆ ಮಡಚಿದೆ. ಚಿಕ್ಕಿ ಮಾತ್ರ ಸೂಟ್‌ಕೇಸಿನೊಳಗೆ ಹತ್ತಿ ಕುಳಿತು ಬಿಳಿ ಕರಡಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು.

ಮಾತಾಡಿದವರು ಮೈಮೂನಕ್ಕ.

"ನೀವು ಬಂದಾಗಿನಿಂದ ನೋಡ್ತಾ ಇದ್ದೇನೆ. ಆ ಅಜ್ಜಿ, ಈ ಅಜ್ಜಿ, ನರ್ಸರಿ, ಊರು, ಎಲ್ಲ ಲೆಕ್ಕ ಹಾಕಿದಿರಿ. ಈ ಮಗುವಿಗೆ ಅಪ್ಪ ಇಲ್ವಾ ಟೀಚರೇ?"

ನಾವು ಮೂವರೂ ಸೋಫಾದ ಕಡೆ ನೋಡಿದೆವು. ಅಷ್ಟು ದಿನ ಅಲ್ಲೇ ಕುಳಿತಿದ್ದ ಆರಡಿ ಗಂಡಸು ನಮ್ಮ ಯಾರ ಲೆಕ್ಕದಲ್ಲೂ ಬಂದಿರಲಿಲ್ಲ. ಅವನ ಸ್ವಂತ ಲೆಕ್ಕದಲ್ಲೂ.

"ನನಗೆ ಹಗಲು ಡ್ಯೂಟಿ ಅಲ್ವಾ ಮೈಮೂನಕ್ಕ?" ಎಂದ ಹರೀಶ.

"ನಿಮ್ಮ ಹೋಟೆಲು ರಾತ್ರಿ ಬಾಗಿಲು ಹಾಕ್ತದಾ?"

ಆ ಹೋಟೆಲಿನಲ್ಲಿ ಅವನು ಐದು ವರ್ಷ ರಾತ್ರಿ ಪಾಳಿ ಮಾಡಿ, ಕಣ್ಣಿನ ಕೆಳಗೆ ಕಪ್ಪು ಕಟ್ಟಿಸಿಕೊಂಡು, ಕೈಕಾಲು ಹಿಡಿದು ಹಗಲಿಗೆ ಬಂದವನು. ಹಗಲಿಗೆ ಬಂದ ದಿನ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದ. ಅವನು ರಿಮೋಟು ಕೆಳಗಿಟ್ಟು ಬಾಲ್ಕನಿಗೆ ಹೋಗಿ ನಿಂತ. ತುಂಬ ಹೊತ್ತು ಬರಲಿಲ್ಲ. ಬಂದವನು ಸೂಟ್‌ಕೇಸಿನಿಂದ ಮಗುವನ್ನು ಎತ್ತಿಕೊಂಡು, "ನಾಳೆ ಮ್ಯಾನೇಜರ್ ಹತ್ರ ಮಾತಾಡ್ತೇನೆ ಮಾಮಿ," ಎಂದ. ಅಶ್ವಿನಿ ಫ್ರಾಕುಗಳನ್ನು ಮತ್ತೆ ಕಪಾಟಿಗೆ ಜೋಡಿಸಿದಳು. ನನಗೆ ದುಃಖವಾಯಿತು, ಸಮಾಧಾನವೂ ಆಯಿತು. ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ.

ರಾತ್ರಿ ಪಾಳಿಯನ್ನು ತಾನಾಗಿ ಕೇಳಿಕೊಂಡು ಬಂದ ಮನುಷ್ಯನನ್ನು ಮ್ಯಾನೇಜರು ತಮ್ಮ ಜೀವಮಾನದಲ್ಲೇ ನೋಡಿರಲಿಲ್ಲವಂತೆ. ಉಳಿದ ಎರಡು ದಿನ ಹರೀಶನಿಗೆ ತರಬೇತಿ. ಮಣ್ಣಿ ಗಂಟು ಗಂಟಾಯಿತು. ಅವನಿಗೆ ಒಂದೂ ಮಕ್ಕಳ ಹಾಡು ಬರುತ್ತಿರಲಿಲ್ಲ, ಕೊನೆಗೆ ಹೋಟೆಲಿಗೆ ಸ್ವಾಗತ ಎಂಬ ಅರಬ್ಬಿ ಮಾತನ್ನೇ ರಾಗ ಎಳೆದು ಹಾಡಿದ. ಚಿಕ್ಕಿ ತಿಂದಳು. ಮಧ್ಯಾಹ್ನ ಎರಡು ಗಂಟೆ ಕಾಲ ಮಗುವನ್ನು ತಾವು ಇಟ್ಟುಕೊಳ್ಳುತ್ತೇವೆ, ಅವನು ಸ್ವಲ್ಪ ನಿದ್ದೆ ಮಾಡಲಿ ಎಂದು ಮೈಮೂನಕ್ಕ ಒಪ್ಪಿಕೊಂಡರು.

ನಿರ್ಗಮನದ ಬಾಗಿಲ ಬಳಿ ನಾನು ಚಾರ್ಜ್ ಪಟ್ಟಿ ಕೊಟ್ಟೆ, ಇಲಾಖೆಯ ನಮೂನೆಯಲ್ಲೇ, ಗೆರೆ ಎಳೆದು. ಮಗು ಒಂದು, ಷರಾ: ಸುಸ್ಥಿತಿ. ಕರಡಿ ಒಂದು. ಬಳಸಿದ ಸೀರೆ ಒಂದು, ಮಲಗಿಸುವಾಗ ಹಿಡಿಯಲು. ವಹಿಸಿಕೊಂಡವರು ಎಂಬಲ್ಲಿ ಹರೀಶ ಸಹಿ ಹಾಕಿದ. ಆ ಜಾಗದಲ್ಲಿ ನಾನು ಕಂಡ ಮೊದಲ ಗಂಡಸಿನ ಸಹಿ ಅದು.

ಊರು

ಬಂದು ಎರಡು ತಿಂಗಳಾಯಿತು. ದಿನಾ ಸಂಜೆ ಅವರು ವಿಡಿಯೋ ಕರೆ ಮಾಡುತ್ತಾರೆ, ಅವಳು ಕೆಲಸದಿಂದ ಬಂದು ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ. ಇಬ್ಬರೂ ಒಟ್ಟಿಗೆ ಕಾಣಸಿಗುವುದು ಅದೊಂದೇ ಹತ್ತು ನಿಮಿಷ. ಅವನ ಟೈಯಲ್ಲಿ ಮಣ್ಣಿಯ ಕಲೆ, ಕಣ್ಣಿನ ಕೆಳಗೆ ಮತ್ತೆ ಕಪ್ಪು. ಮಗು ಬಾಗಿಲಲ್ಲೇ ಅವನ ತೋಳಿನಿಂದ ಇವಳ ತೋಳಿಗೆ ದಾಟುತ್ತದೆ. ತಿಂದಳಾ, ತಿಂದಳು, ಜ್ವರ ಉಂಟಾ, ಇಲ್ಲ, ಯಲ್ಲಾ, ಹೊರಟೆ, ಬರ್ತೇನೆ. ಅಂದು ವಿಮಾನ ನಿಲ್ದಾಣದಲ್ಲಿ ನಾನೂ ಕಮಲಕ್ಕನೂ ನಿಂತಿದ್ದೆವಲ್ಲ, ಈಗ ಗಂಡ ಹೆಂಡತಿ ಹಾಗೆ ನಿಲ್ಲುತ್ತಾರೆ. ಚಿಕ್ಕಿ ಮಾತ್ರ ಅಪ್ಪ ಯಾರು, ಅಮ್ಮ ಯಾರು ಎಂದು ಸರಿಯಾಗಿ ಕರೆಯುತ್ತಾಳೆ. ನನ್ನನ್ನು ಫೋನ್ ಅಜ್ಜಿ ಎನ್ನುತ್ತಾಳೆ.

ಮೊನ್ನೆ ಅಶ್ವಿನಿ ಒಂದು ಸುದ್ದಿ ಓದಿ ಹೇಳಿದಳು. ಹಿಮದ ನಾಡಿನ ಶಾಸಕಿ ತಮ್ಮ ಸದನಕ್ಕೆ ವರದಿ ಕೊಟ್ಟಿದ್ದಾರಂತೆ. ಅದರಲ್ಲಿ ನನ್ನ ಫೋಟೋ ಇದೆ, ತೊಡೆಯ ಮೇಲೆ ಎರಡು ಮಕ್ಕಳು, ಶಾಸಕಿಯ ಕೈಯಲ್ಲಿ ನನ್ನ ಪಟ್ಟಿ. ಕೆಳಗೆ ಬರೆದದ್ದು: ಕುಟುಂಬ ಆಧಾರಿತ ಶಿಶುಪಾಲನೆಯ ಒಂದು ಯಶಸ್ವಿ ಮಾದರಿ, ಸರ್ಕಾರಕ್ಕೆ ಯಾವುದೇ ವೆಚ್ಚವಿಲ್ಲ. ಮಂತ್ರಿಗಳು ವರದಿಯನ್ನು ಸ್ವಾಗತಿಸಿದ್ದಾರೆ.

ನನಗೆ ಸಿಟ್ಟು ಬಂತು, ಆದರೆ ಆಶ್ಚರ್ಯ ಆಗಲಿಲ್ಲ. ಜಡಿಮಳೆಗೆ ಅರ್ಧ ಮಕ್ಕಳು ಬಾರದ ದಿನವೂ ಹಾಜರಿ ಪೂರ್ತಿ ಎಂದು ಬರೆದ ಕೈ ನನ್ನದು. ವರದಿ ಎಂದರೆ ಏನು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ.

"ಅವರು ಇನ್ನೂ ಹೆಚ್ಚಿನ ಮಾಹಿತಿ ಕೇಳಿದ್ದಾರೆ ಅಮ್ಮ, ಈ ಮಾದರಿ ಅವರಲ್ಲಿಯೂ ಮಾಡ್ಬಹುದಾ ಅಂತ," ಎಂದಳು ಅಶ್ವಿನಿ. ಹಿಂದೆ ಹರೀಶ ಶೂ ಕಟ್ಟುತ್ತಿದ್ದ. "ಎಂತ ಬರೀಲಿ?"

"ಬರಿ," ಎಂದೆ. "ಫೋಟೋದಲ್ಲಿರುವ ಮಾದರಿಯ ವೀಸಾ ಮುಗಿದಿದೆ ಅಂತ ಬರಿ."